ಬಿದಿರಿಗೆ ಉಸಿರು ಕೊಟ್ಟ ಊರು

ಹಳೆಯದೊಂದು ಕಟ್ಟಡದ ಮುಂದೆ, ಹಳೆಯದೊಂದು ವಸ್ತುವಿನ ಮುಂದೆ ನಿಂತಾಗ ನಾವೆಲ್ಲ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದನ್ನು ಮಾಡಿಸಿದವರು ಯಾರು? ಉತ್ತರವೂ ಸುಲಭವಾಗಿ ಸಿಗುತ್ತದೆ. ಮಾಡಿಸಿದವರ ಹೆಸರು ಕಲ್ಲಿನಲ್ಲಿ ಕೊರೆದಿರುತ್ತದೆ, ಪಠ್ಯಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಆದರೆ ಇನ್ನೂರು ವರ್ಷಗಳ ಮಳೆ, ಗಾಳಿ, ಯುದ್ಧ, ಮರೆವು ಎಲ್ಲವನ್ನೂ ದಾಟಿ ಆ ವಸ್ತು ನಮ್ಮ ಕಣ್ಣ ಮುಂದೆ ಇರಬೇಕಾದರೆ ನಡುವೆ ಯಾರೋ ಅದರ ಧೂಳು ಒರೆಸಿದ್ದಾರೆ, ಮುರಿದದ್ದನ್ನು ಜೋಡಿಸಿದ್ದಾರೆ, ಸೋರುವ ಸೂರಿಗೆ ಹೆಂಚು ಹಾಕಿದ್ದಾರೆ. ಅವರು ಯಾರು? ಈ ಎರಡನೆಯ ಪ್ರಶ್ನೆಯನ್ನು ನಾವು ಕೇಳುವುದು ಬಹಳ ಕಡಿಮೆ.

ಈ ಎರಡನೆಯ ಪ್ರಶ್ನೆಗೆ ಚೆನ್ನಾದ ಉತ್ತರ ಕೊಡುವ ಊರೊಂದು ಫಿಲಿಪೀನ್ಸ್ ದೇಶದಲ್ಲಿದೆ. ಹೆಸರು ಲಾಸ್ ಪಿನ್ಯಾಸ್. ಇಂದು ಅದು ರಾಜಧಾನಿ ಮನಿಲಾದ ಮಹಾನಗರ ಪ್ರದೇಶದೊಳಗೆ ಸೇರಿಹೋಗಿರುವ ಒಂದು ನಗರ. 1997ರಲ್ಲಿ ಅದಕ್ಕೆ ನಗರದ ದರ್ಜೆ ಸಿಕ್ಕಿತು. ಆದರೆ ನಮ್ಮ ಕಥೆ ಆರಂಭವಾಗುವಾಗ ಅದು ಮನಿಲಾ ಕೊಲ್ಲಿಯ ದಡದಲ್ಲಿ ಮೀನು ಹಿಡಿದು, ಉಪ್ಪು ಬೆಳೆದು ಬದುಕುತ್ತಿದ್ದ ಒಂದು ಬಡ ಊರು. ಅಲ್ಲಿನ ಸಂತ ಜೋಸೆಫರ ಚರ್ಚಿನ ಮಾಳಿಗೆಯಲ್ಲಿ ಒಂದು ವಾದ್ಯವಿದೆ. ಅದು ಪೈಪ್ ಆರ್ಗನ್. ಅದರಲ್ಲಿರುವ ಕೊಳವೆಗಳು ಒಟ್ಟು 1,031. ಅವುಗಳಲ್ಲಿ 902 ಕೊಳವೆಗಳು ಬಿದಿರಿನವು! ಉಳಿದ 129 ಮಾತ್ರ ಲೋಹದವು.

ಈ ವಾದ್ಯ ಎರಡು ಶತಮಾನಗಳಲ್ಲಿ ಹಲವು ಸಲ ಸತ್ತು, ಹಲವು ಸಲ ಬದುಕಿದೆ. ಅದು ಹೇಗೆ ಎಂಬುದನ್ನು ನೋಡುವ ಮೊದಲು, ಈ ವಾದ್ಯ ಏನು ಎಂಬುದನ್ನು ತಿಳಿದುಕೊಳ್ಳೋಣ.

ಸಾವಿರ ಕೊಳಲು, ಒಂದು ತಿದಿ

ನಮ್ಮಲ್ಲಿ ಅನೇಕರು ಹಾರ್ಮೋನಿಯಂ ಕಂಡವರು. ಹಿಂದಿನಿಂದ ಗಾಳಿ ಒತ್ತುವುದು, ಮುಂದೆ ಮನೆಗಳನ್ನು ಬೆರಳಿನಿಂದ ಒತ್ತುವುದು. ಪೈಪ್ ಆರ್ಗನ್ ಕೂಡ ಹೊರನೋಟಕ್ಕೆ ಹಾಗೆಯೇ. ಆದರೆ ಒಳಗಿನ ಲೆಕ್ಕ ಬೇರೆ. ಹಾರ್ಮೋನಿಯಂನಲ್ಲಿ ಸ್ವರ ಹುಟ್ಟುವುದು ಚಿಕ್ಕ ಹಿತ್ತಾಳೆ ಪಟ್ಟಿಗಳ ಕಂಪನದಿಂದ. ಪೈಪ್ ಆರ್ಗನ್‌ನಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಕೊಳವೆ ನಿಂತಿರುತ್ತದೆ. ಒಂದು ಕೊಳಲಿನ ಮೇಲೆ ಬೆರಳಾಡಿಸಿ ಹಲವು ಸ್ವರ ನುಡಿಸುವ ಬದಲು, ಪ್ರತಿ ಸ್ವರಕ್ಕೂ ಪ್ರತ್ಯೇಕ ಕೊಳಲನ್ನು ಸಾಲಾಗಿ ನಿಲ್ಲಿಸಿದಂತೆ.

ಕಮ್ಮಾರನ ಕುಲುಮೆಯಲ್ಲಿ ಇರುವಂಥದ್ದೇ ದೊಡ್ಡ ತಿದಿಗಳು ಗಾಳಿಯನ್ನು ಒಂದು ಮರದ ಪೆಟ್ಟಿಗೆಗೆ ತುಂಬುತ್ತವೆ. ಆ ಗಾಳಿಪೆಟ್ಟಿಗೆಯ ಮೇಲೆ ಕೊಳವೆಗಳು ಸಾಲಾಗಿ ನಿಂತಿರುತ್ತವೆ. ವಾದಕ ಒಂದು ಮನೆಯನ್ನು ಒತ್ತಿದಾಗ ತೆಳ್ಳಗಿನ ಮರದ ಪಟ್ಟಿಗಳ ಎಳೆತದಿಂದ ಪೆಟ್ಟಿಗೆಯೊಳಗಿನ ಒಂದು ಮುಚ್ಚಳ ತೆರೆಯುತ್ತದೆ, ಗಾಳಿ ಕೊಳವೆಗೆ ನುಗ್ಗುತ್ತದೆ, ಸ್ವರ ಹೊರಡುತ್ತದೆ. ಕೊಳವೆಯಲ್ಲಿ ಎರಡು ಜಾತಿ. ಒಂದು ಕೊಳಲಿನ ಜಾತಿ. ಅದರಲ್ಲಿ ಬಾಯಿಯ ಅಂಚಿಗೆ ತಾಗಿದ ಗಾಳಿಯೇ ನಾದವಾಗುತ್ತದೆ. ಇನ್ನೊಂದು ಶಹನಾಯಿಯ ಜಾತಿ. ಅದರೊಳಗೆ ನಡುಗುವ ಒಂದು ನಾಲಗೆ ಇರುತ್ತದೆ. ಕಹಳೆಯಂತಹ ಗಡಸು ದನಿ ಬರುವುದು ಈ ಎರಡನೆಯ ಜಾತಿಯಿಂದ.

ಕೊಳವೆ ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಎಂಟು ಅಡಿಯ ಕೊಳವೆಯನ್ನು ನಾಲ್ಕು ಅಡಿಗೆ ಇಳಿಸಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ. ಆದ್ದರಿಂದ ಆರ್ಗನ್ ಕಟ್ಟುವವನು ಬಡಗಿಯೂ ಆಗಿರಬೇಕು, ಲೋಹದ ಕೆಲಸವನ್ನೂ ಬಲ್ಲವನಾಗಿರಬೇಕು, ಲೆಕ್ಕವನ್ನೂ ಬಲ್ಲವನಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಅವನಿಗೆ ಒಳ್ಳೆಯ ಕಿವಿ ಇರಬೇಕು.

ಇಷ್ಟು ದೊಡ್ಡ ವಾದ್ಯಗಳು ನಮ್ಮ ನಾಡಿಗೆ ಅಪರಿಚಿತವೇನಲ್ಲ. ಬೆಂಗಳೂರಿನ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ 19ನೇ ಶತಮಾನದ ಪೈಪ್ ಆರ್ಗನ್ ಒಂದಿದೆ. ಆದರೆ ಬ್ರಿಟಿಷರು ತಂದ ಅಂತಹ ಆರ್ಗನ್‌ಗಳು ಅಲ್ಲಿಯೇ ತಯಾರಾಗಿ ಹಡಗಿನಲ್ಲಿ ಬಂದವು. ಲಾಸ್ ಪಿನ್ಯಾಸ್‌ನದು ಹಾಗಲ್ಲ. ಅದು ಊರಿನ ಮಣ್ಣಿನಲ್ಲೇ ಬೆಳೆದದ್ದು.

ಚರ್ಚಿನದ್ದಲ್ಲದ ವಾದ್ಯ

ಆರ್ಗನ್ ಎಂದ ಕೂಡಲೇ ಚರ್ಚಿನ ನೆನಪಾಗುವುದು ಸಹಜ. ಆದರೆ ಈ ವಾದ್ಯ ಹುಟ್ಟಿದ್ದು ಕ್ರೈಸ್ತ ಧರ್ಮಕ್ಕಿಂತ ಮೊದಲು, ಅದೂ ಈಜಿಪ್ಟಿನಲ್ಲಿ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಎಂಬ ಯಂತ್ರಜ್ಞ ನೀರಿನ ಒತ್ತಡದಿಂದ ಗಾಳಿಯನ್ನು ಸಮನಾಗಿ ಹಿಡಿದಿಡುವ ಆರ್ಗನ್ ಮಾಡಿದ. ರೋಮನ್ನರು ಅದನ್ನು ಆಟದ ಮೈದಾನಗಳಲ್ಲಿ ಬಳಸಿದರು. ಬೈಜಾಂಟಿಯಂನ ಚಕ್ರವರ್ತಿಗಳಿಗೆ ಅದು ಅರಮನೆಯ ವೈಭವದ ವಸ್ತುವಾಯಿತು. ಆರಂಭ ಕಾಲದ ಚರ್ಚ್ ವಾದ್ಯಗಳನ್ನು ಪ್ರಾರ್ಥನೆಯಿಂದ ದೂರವೇ ಇಟ್ಟಿತ್ತು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಬಹುಪಾಲು ಇಂದಿಗೂ ವಾದ್ಯವಿಲ್ಲದ ಹಾಡುಗಾರಿಕೆಯೇ ರೂಢಿ.

ಈ ಪಯಣದಲ್ಲಿ ಬಗ್ದಾದಿಗೂ ಒಂದು ಪಾಲಿದೆ. 9ನೇ ಶತಮಾನದಲ್ಲಿ ಅಬ್ಬಾಸೀ ಖಲೀಫರ ಆಸರೆಯಲ್ಲಿದ್ದ ಬನೂ ಮೂಸಾ ಸೋದರರು ತಾನಾಗಿಯೇ ನುಡಿಯುವ ಒಂದು ವಾದ್ಯದ ಬಗ್ಗೆ ಬರೆದರು. ನೀರಿನ ಬಲದಿಂದ ತಿರುಗುವ ಉರುಳೆ, ಅದರ ಮೇಲೆ ಚುಚ್ಚಿದ ಮೊಳೆಗಳು, ಆ ಮೊಳೆಗಳು ತೆರೆದು ಮುಚ್ಚುವ ಕೊಳಲಿನ ರಂಧ್ರಗಳು. ಮುರಿಸ್ತುಸ್ ಎಂಬಾತನ ಹೆಸರಿನಲ್ಲಿ ಆರ್ಗನ್ ಕುರಿತ ಗ್ರಂಥಗಳು ಅರಬಿಯಲ್ಲಿ ಉಳಿದುಬಂದಿವೆ. 10ನೇ ಶತಮಾನದ ಇಬ್ನು ನದೀಮ್ ತನ್ನ ‘ಅಲ್ ಫಿಹ್‌ರಿಸ್ತ್’ ಎಂಬ ಪುಸ್ತಕಸೂಚಿಯಲ್ಲಿ ಅವುಗಳನ್ನು ಹೆಸರಿಸಿದ್ದಾನೆ.

ಖಲೀಫ ಹಾರೂನ್ ರಶೀದ್ ಯುರೋಪಿನ ಶಾರ್ಲಮೇನ್ ಚಕ್ರವರ್ತಿಗೆ ಆರ್ಗನ್ ಕಳುಹಿಸಿದನೆಂಬ ಮಾತು ಕೆಲವೆಡೆ ಓದಲು ಸಿಗುತ್ತದೆ. ಇಂತಹ ಮಾತುಗಳನ್ನು ಹೆಮ್ಮೆಯಿಂದ ನಂಬಿಬಿಡುವುದು ಸುಲಭ. ಆದರೆ ಆ ಕಾಲದ ಫ್ರಾಂಕ್ ದಾಖಲೆಗಳು ಹೇಳುವುದು ಒಂದು ಆನೆ ಮತ್ತು ಒಂದು ನೀರ್ಗಡಿಯಾರದ ಬಗ್ಗೆ. ಆರ್ಗನ್ ಬಂದದ್ದು ಅದಕ್ಕೂ ಮೊದಲು 757ರಲ್ಲಿ, ಬೈಜಾಂಟಿಯಂನ ಐದನೇ ಕಾನ್‌ಸ್ಟಾಂಟೈನ್ ಚಕ್ರವರ್ತಿಯಿಂದ, ಶಾರ್ಲಮೇನನ ತಂದೆ ಪೆಪಿನ್‌ಗೆ. ಪಶ್ಚಿಮ ಯುರೋಪಿನ ಮಠ, ಚರ್ಚುಗಳಲ್ಲಿ ಅದು ನೆಲೆಯೂರಿದ್ದು ಆಮೇಲೆ. ಹೀಗೆ ಒಂದು ವಾದ್ಯ ಈಜಿಪ್ಟಿನಲ್ಲಿ ಹುಟ್ಟಿ, ಗ್ರೀಕರು, ಅರಬರು, ಬೈಜಾಂಟಿಯಂನವರು, ಫ್ರಾಂಕರು ಎಲ್ಲರ ಕೈದಾಟಿ ಚರ್ಚಿನದ್ದಾಯಿತು. ಕೊನೆಗೆ ಸ್ಪೇನಿನ ಹಡಗುಗಳ ಜತೆ ಅದರ ವಿದ್ಯೆ ಏಷ್ಯಾದ ಇನ್ನೊಂದು ತುದಿಗೆ ಬಂತು.

ಪಾದ್ರಿ ದಿಯೆಗೊ ಸೆರಾ

ಸ್ಪೇನಿನವರು ಫಿಲಿಪೀನ್ಸ್‌ಗೆ ಅತಿಥಿಗಳಾಗಿ ಬಂದವರಲ್ಲ ಎಂಬುದನ್ನು ಮರೆಯಬಾರದು. 1571ರಲ್ಲಿ ಅವರು ಮನಿಲಾವನ್ನು ವಶಪಡಿಸಿಕೊಂಡಾಗ ಅಲ್ಲಿ ಆಳುತ್ತಿದ್ದವನು ರಾಜಾ ಸುಲೈಮಾನ್ ಎಂಬ ಮುಸ್ಲಿಮ್ ದೊರೆ. ಅಲ್ಲಿಂದ ಮುಂದೆ 300 ವರ್ಷಕ್ಕೂ ಹೆಚ್ಚು ಕಾಲ ಕತ್ತಿ ಮತ್ತು ಶಿಲುಬೆ ಜತೆಯಾಗಿ ನಡೆದವು. ತೆರಿಗೆ, ಕಡ್ಡಾಯ ದುಡಿಮೆ, ಬಂಡಾಯ ಎಲ್ಲವೂ ಆ ಇತಿಹಾಸದಲ್ಲಿವೆ. ಆದರೆ ಆಳಿದವರ ಸಾಲಿನಲ್ಲಿ ಬಂದ ಪ್ರತಿಯೊಬ್ಬನೂ ಒಂದೇ ಅಚ್ಚಿನವನಾಗಿರಲಿಲ್ಲ ಎಂಬುದೂ ಇತಿಹಾಸವೇ.

ದಿಯೆಗೊ ಸೆರಾ ಹುಟ್ಟಿದ್ದು 1762ರಲ್ಲಿ, ಸ್ಪೇನಿನ ಅರಗಾನ್ ಪ್ರಾಂತ್ಯದ ಗ್ರಾವುಸ್ ಎಂಬ ಊರಿನಲ್ಲಿ. ಅಗಸ್ಟೀನಿಯನ್ ರಿಕಲೆಕ್ಟ್ ಎಂಬ ಸನ್ಯಾಸಿ ಪಂಥಕ್ಕೆ ಸೇರಿದ ಇವರು 1792ರಲ್ಲಿ ಮನಿಲಾಕ್ಕೆ ಬಂದರು. 1795ರಲ್ಲಿ ಲಾಸ್ ಪಿನ್ಯಾಸ್‌ನ ಪಾದ್ರಿಯಾದರು. 1832ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಬದುಕಿನ ಬಹುಭಾಗ ಈ ಊರಿನ ಜತೆಯಲ್ಲೇ ಕಳೆದಿತ್ತು. ರಸ್ತೆ, ಸೇತುವೆ ಮಾಡಿಸಿದರು. ಉಪ್ಪಿನ ಗದ್ದೆಗಳನ್ನು ಬೆಳೆಸಿದರು. ರಸಾಯನ ವಿದ್ಯೆ, ಕಟ್ಟಡ ವಿದ್ಯೆ, ಸಂಗೀತ ಎಲ್ಲದರಲ್ಲೂ ಕೈಯಾಡಿಸಿದ ಮನುಷ್ಯ. ಜ್ವಾಲಾಮುಖಿ ಕಲ್ಲಿನಿಂದ ಈಗಿನ ಚರ್ಚ್ ಕಟ್ಟಿಸಿದ್ದೂ ಅವರೇ. 1797ರಲ್ಲಿ ಶುರುವಾದ ಕೆಲಸ 1819ರಲ್ಲಿ ಮುಗಿಯಿತು. ಮನಿಲಾದ ಚರ್ಚುಗಳಿಗೂ ಅವರು ಆರ್ಗನ್ ಕಟ್ಟಿಕೊಟ್ಟಿದ್ದರು. ಅಂದರೆ ಲೋಹದ ಕೊಳವೆ ಮಾಡಲು ಬಾರದೆ ಅವರು ಬಿದಿರಿಗೆ ಕೈಹಾಕಲಿಲ್ಲ.

ಮತ್ತೇಕೆ ಬಿದಿರು? ಸೀಸ, ತವರಗಳಿಗೆ ಹಣ ಬೇಕು. ಬಿದಿರು ಊರ ಸುತ್ತ ಬೇಕಾದಷ್ಟಿತ್ತು. ಅದು ಊರವರಿಗೆ ಗೊತ್ತಿದ್ದ ವಸ್ತು. ಗೋಡೆ, ನೆಲ, ಬುಟ್ಟಿ, ಏಣಿ, ಮೀನಿನ ಬಲೆಯ ಗೂಟ ಎಲ್ಲವೂ ಅದರದ್ದೇ. ಹುಟ್ಟಿನಿಂದಲೇ ಟೊಳ್ಳಾಗಿರುವ ಬಿದಿರು ಕೊಳವೆಯಾಗಲು ಕಾದಿರುವಂಥದ್ದು ಎಂಬುದನ್ನು ಕೊಳಲು ಬಲ್ಲ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಆದರೆ ಬಿದಿರಿಗೊಂದು ಶತ್ರುವಿದೆ. ಅದರೊಳಗಿನ ಪಿಷ್ಟಕ್ಕೆ ಹುಳ ಬರುತ್ತದೆ. ಕಡಿದ ಬಿದಿರನ್ನು ಹಾಗೆಯೇ ಬಳಸಿದರೆ ಕೆಲವೇ ತಿಂಗಳಲ್ಲಿ ಹಿಟ್ಟು ಉದುರಲು ಶುರು. ನಮ್ಮ ಮಲೆನಾಡು, ಕರಾವಳಿಯಲ್ಲಿ ಬಿದಿರನ್ನು ಕೆರೆ, ತೋಡಿನ ನೀರಿನಲ್ಲಿ ನೆನೆಹಾಕುವುದು ಇದಕ್ಕಾಗಿಯೇ. ಸೆರಾ 1816ರಲ್ಲಿ ಬಿದಿರು ಕಡಿಸಿದರು, ಸಮುದ್ರ ದಡದ ಮರಳಿನಲ್ಲಿ ಹೂಳಿಸಿದರು. ಸುಮಾರು ಒಂದು ವರ್ಷ ಉಪ್ಪುನೀರು ಅದರಲ್ಲಿ ಇಳಿದು ಏರಿತು. ಹುಳಕ್ಕೆ ಬೇಕಾದ ಸತ್ವ ಅದರಿಂದ ಹೊರಟುಹೋಯಿತು. ಮರಳಿನಿಂದ ತೆಗೆದಾಗ ಯಾವುದು ಗಟ್ಟಿಯಾಗಿ ಉಳಿದಿತ್ತೋ ಅದನ್ನು ಮಾತ್ರ ಆರಿಸಿಕೊಂಡರು. ಆ ವಾದ್ಯ ಇಷ್ಟು ಕಾಲ ಬಾಳಿದ್ದರ ಗುಟ್ಟು ಈ ತಾಳ್ಮೆಯಲ್ಲಿದೆ.

ಆಮೇಲಿನದು ನಾಜೂಕಿನ ಕೆಲಸ. ಒಳಗಿನ ಗಿಣ್ಣುಗಳನ್ನು ಕೊರೆದು ತೆಗೆಯಬೇಕು. ಬಾಯಿ ಕತ್ತರಿಸಬೇಕು. ಲೋಹದ ತಗಡನ್ನಾದರೆ ಬೇಕಾದ ಅಳತೆಗೆ ಸುತ್ತಬಹುದು. ಎರಡು ಬಿದಿರುಗಳು ಮಾತ್ರ ಎಂದೂ ಒಂದೇ ಸುತ್ತಳತೆಯವಲ್ಲ. ಒಂದೊಂದು ಕೊಳವೆಯನ್ನೂ ಒಂದೊಂದು ಮಗುವಿನಂತೆ ಬೇರೆಬೇರೆಯಾಗಿ ನೋಡಿಕೊಳ್ಳಬೇಕು. 1821ರ ಹೊತ್ತಿಗೆ ಆರ್ಗನ್ ನುಡಿಯುವಂತಾಯಿತು. ಆದರೆ ಕಹಳೆಯ ಸಾಲು ಬಾಕಿಯಿತ್ತು. ಆ ಗಡಸು ದನಿ ಬಿದಿರಿಗೆ ಒಲಿಯದು ಎಂದು ಸೆರಾ ಕೊನೆಗೆ ಒಪ್ಪಿಕೊಂಡು, ಆ ಸಾಲನ್ನು ಲೋಹದಲ್ಲೇ ಮಾಡಿದರು. 1824ರಲ್ಲಿ ವಾದ್ಯ ಪೂರ್ಣವಾಯಿತು. ಸ್ಪೇನಿನ ಪದ್ಧತಿಯಂತೆ ಈ ಕಹಳೆಗಳು ಮೇಲಕ್ಕೆ ನಿಂತಿಲ್ಲ. ಅಡ್ಡಲಾಗಿ ಹೊರಕ್ಕೆ ಚಾಚಿಕೊಂಡಿವೆ. ಹಕ್ಕಿಯ ಚಿಲಿಪಿಲಿ ಹೊರಡಿಸುವ ಪುಟ್ಟ ಕೊಳವೆಗಳೂ ಇವೆ. ಅವು ನೀರಿನಲ್ಲಿ ಗುಳುಗುಳು ಎನ್ನುತ್ತಾ ನುಡಿಯುತ್ತವೆ. ಚರ್ಚಿಗೆ ಬಂದ ಮಕ್ಕಳು ತಲೆಯೆತ್ತಿ ನೋಡದೆ ಇದ್ದಾರೆಯೇ?

ಸೆರಾರ ಹೆಸರು ಉಳಿದಿದೆ. ಬಿದಿರು ಕಡಿದವರ, ಮರಳಿನಲ್ಲಿ ಹೂಳಿದವರ, ಗಿಣ್ಣು ಕೊರೆದವರ, ತಿದಿ ಒತ್ತಿದವರ ಹೆಸರುಗಳು ಉಳಿದಿಲ್ಲ. ಬಿದಿರಿನ ಜಾತಿ, ಗುಣ, ಕಡಿಯುವ ಹದ ಇವೆಲ್ಲ ಅರಗಾನ್‌ನಿಂದ ಬಂದ ಪಾದ್ರಿಗಿಂತ ಅವರಿಗೇ ಹೆಚ್ಚು ಗೊತ್ತಿದ್ದಿರಬೇಕು. ತಾಜ್‌ಮಹಲಿನಿಂದ ಹಿಡಿದು ನಮ್ಮೂರ ಮಸೀದಿ, ಗುಡಿ, ಇಗರ್ಜಿಗಳವರೆಗೆ ಈ ಮಾತು ಎಲ್ಲಕ್ಕೂ ಅನ್ವಯವಾಗುತ್ತದೆ.

ಮೌನದ ವರ್ಷಗಳು

ಆ ದೇಶ ಭೂಕಂಪದ ನೆಲ, ಚಂಡಮಾರುತದ ದಾರಿ. ಸೆರಾ ಬದುಕಿದ್ದಾಗಲೇ 1829ರ ಭೂಕಂಪದಲ್ಲಿ ವಾದ್ಯಕ್ಕೆ ಏಟು ಬಿತ್ತು. ಹೇಗೋ ಸುಧಾರಿಸಿಕೊಂಡಿತು. ಆದರೆ 1880ರ ದಶಕದ ಹಾವಳಿಗಳಲ್ಲಿ ಚರ್ಚಿನ ಮಾಡೇ ಹಾರಿಹೋಗಿ ಮಳೆನೀರು ನೇರವಾಗಿ ಆರ್ಗನ್ ಮೇಲೆ ಸುರಿಯಿತು. ಕೊಳವೆಗಳನ್ನು ಕಳಚಿ ಚರ್ಚಿನ ಒಳಕೋಣೆಯಲ್ಲಿ ರಾಶಿಹಾಕಿದರು. ಮಾಡು ಸರಿಯಾದ ಮೇಲೆ ಮತ್ತೆ ಜೋಡಿಸೋಣ ಎಂದುಕೊಂಡಿರಬೇಕು. ಆ ‘ಮತ್ತೆ’ ಮೂರು ದಶಕವಾದರೂ ಬರಲಿಲ್ಲ.

ನಡುವೆ ಇತಿಹಾಸ ಊರಿನ ಬಾಗಿಲಿಗೇ ಬಂದಿತ್ತು. ಲಾಸ್ ಪಿನ್ಯಾಸ್‌ನ ಗಡಿಯಲ್ಲಿರುವ ಸಪೋಟೆ ಸೇತುವೆಯ ಬಳಿ 1897ರಲ್ಲಿ ಫಿಲಿಪಿನೊ ಕ್ರಾಂತಿಕಾರಿಗಳು ಸ್ಪೇನಿನ ಸೈನ್ಯದ ಜತೆ ಕಾದಾಡಿದರು. 1899ರಲ್ಲಿ ಅದೇ ಜಾಗದಲ್ಲಿ ಅಮೆರಿಕನ್ನರ ಜತೆ. ಒಬ್ಬ ಯಜಮಾನ ಹೋಗಿ ಇನ್ನೊಬ್ಬ ಬಂದಿದ್ದ. ಗುಂಡಿನ ಸದ್ದು ಕೇಳುತ್ತಿದ್ದ ಊರಿಗೆ ಬಿದಿರಿನ ರಾಶಿ ನೆನಪಾಗುವುದಾದರೂ ಹೇಗೆ?

1910ರ ದಶಕದಲ್ಲಿ ವಿಕ್ಟರ್ ಫಾನಿಯೆಲ್ ಎಂಬ ಬೆಲ್ಜಿಯಂನ ಪಾದ್ರಿ ಈ ಚರ್ಚಿಗೆ ಬಂದರು. ಆ ರಾಶಿಯನ್ನು ನೋಡಿ ಅದೇನೆಂದು ವಿಚಾರಿಸಿದರು. ಊರವರಿಂದಲೂ ಪ್ರವಾಸಿಗಳಿಂದಲೂ ಹಣ ಒಟ್ಟುಮಾಡಿ ಅರ್ಧಂಬರ್ಧವಾದರೂ ಅದನ್ನು ನುಡಿಯುವಂತೆ ಮಾಡಿಸಿದರು. ಅಷ್ಟರಿಂದ ಅದು ಪೂರ್ತಿ ಬದುಕಲಿಲ್ಲ ನಿಜ. ಆದರೆ ಸೌದೆಯಾಗಿ ಒಲೆ ಸೇರುವುದರಿಂದ ತಪ್ಪಿಸಿಕೊಂಡಿತು. ಕಸವೆಂದು ಕಾಣುವ ರಾಶಿಯ ಮುಂದೆ ನಿಂತು ‘ಇದೇನು?’ ಎಂದು ಕೇಳುವ ಒಬ್ಬ ಮನುಷ್ಯನಿಂದಲೇ ಎಷ್ಟೋ ವಸ್ತುಗಳು ಉಳಿದಿವೆ. ಯಾರೂ ಕೇಳದೆ ಹೋದ ಕಾರಣಕ್ಕೆ ಅಳಿದುಹೋದವು ಅದಕ್ಕಿಂತ ಹೆಚ್ಚು.

ಮುಂದಿನ ಅರ್ಧ ಶತಮಾನ ಆರ್ಗನ್ ಪ್ರವಾಸಿಗಳು ನೋಡುವ ವಿಚಿತ್ರ ವಸ್ತುವಾಗಿ ಉಳಿಯಿತು. ಅಲ್ಲಲ್ಲಿ ಕೆಲವು ಸ್ವರಗಳು ನುಡಿಯುತ್ತಿದ್ದವು, ಕೆಲವು ಮೂಕವಾಗಿದ್ದವು.

ಬಾನ್‌ಗೆ ಹೋದ ಬಿದಿರು

1970ರ ದಶಕದ ಆರಂಭದಲ್ಲಿ ಊರವರೂ ಸರಕಾರವೂ ಸೇರಿ ಸಮಗ್ರ ಜೀರ್ಣೋದ್ಧಾರಕ್ಕೆ ನಿರ್ಧರಿಸಿದರು. ಅದು ಅಧ್ಯಕ್ಷ ಮಾರ್ಕೋಸ್ ಮಾರ್ಷಲ್ ಲಾ ಹೇರಿದ್ದ ಕಾಲ. ಮನುಷ್ಯರ ಬಾಯಿ ಕಟ್ಟಿದ್ದ ದಿನಗಳಲ್ಲಿ ಒಂದು ವಾದ್ಯದ ಬಾಯಿ ಬಿಡಿಸುವ ಕೆಲಸ ನಡೆಯಿತು ಎಂಬ ವಿಪರ್ಯಾಸವನ್ನೂ ಇಲ್ಲಿ ಹೇಳದಿದ್ದರೆ ಇತಿಹಾಸಕ್ಕೆ ಅನ್ಯಾಯವಾದೀತು.

ಕೆಲಸ ಒಪ್ಪಿಸಿದ್ದು ಜರ್ಮನಿಯ ಬಾನ್ ನಗರದ ಯೊಹಾನೆಸ್ ಕ್ಲೈಸ್ ಎಂಬ ಹಳೆಯ ಆರ್ಗನ್ ಕಾರ್ಖಾನೆಗೆ. 1973ರಲ್ಲಿ ವಾದ್ಯವನ್ನು ಕಳಚಿ ಹಡಗಿಗೆ ಏರಿಸಿದರು.

ಬಾನ್‌ನಲ್ಲಿ ಎದುರಾದ ಮೊದಲ ಸಮಸ್ಯೆ ಹವೆಯದ್ದು. ಮನಿಲಾ ಕೊಲ್ಲಿಯ ಸೆಖೆ, ತೇವದಲ್ಲಿ ಒಂದೂವರೆ ಶತಮಾನ ಕಳೆದ ಬಿದಿರನ್ನು ಜರ್ಮನಿಯ ಒಣ ಚಳಿಯಲ್ಲಿ ಇಟ್ಟರೆ ಏನಾಗುತ್ತದೆ? ಸೀಳುತ್ತದೆ. ಇನ್ನೂ ಒಂದು ತೊಡಕಿತ್ತು. ಗಾಳಿಯ ಬಿಸಿ ಬದಲಾದರೆ ಕೊಳವೆಯ ಸ್ವರವೂ ಬದಲಾಗುತ್ತದೆ. ಚಳಿಯಲ್ಲಿ ಶ್ರುತಿ ಮಾಡಿದ ಆರ್ಗನ್ ಸೆಖೆಯ ಊರಿಗೆ ಹೋದಾಗ ಬೇರೆಯೇ ಮಾತಾಡೀತು. ಆದ್ದರಿಂದ ಕಾರ್ಖಾನೆಯೊಳಗೇ ಒಂದು ಕೋಣೆಯಲ್ಲಿ ಫಿಲಿಪೀನ್ಸ್‌ನ ಸೆಖೆಯನ್ನೂ ತೇವವನ್ನೂ ಉಂಟುಮಾಡಿ ಅಲ್ಲಿ ಕೆಲಸ ನಡೆಸಿದರು. ಹೊರಗೆ ಯುರೋಪಿನ ಚಳಿಗಾಲ, ಒಳಗೆ ಲಾಸ್ ಪಿನ್ಯಾಸ್‌ನ ಬೇಸಿಗೆ!

ನಮಗೆ ಈ ಸಂಗತಿ ಕೇವಲ ತಾಂತ್ರಿಕ ಜಾಣ್ಮೆಯಾಗಿ ಕಾಣುವುದಿಲ್ಲ. ದುರಸ್ತಿ ಮಾಡುವವನು ತನ್ನ ಹವೆಗೆ ವಸ್ತುವನ್ನು ಒಗ್ಗಿಸಲಿಲ್ಲ; ವಸ್ತುವಿನ ಹವೆಗೆ ತಾನು ಒಗ್ಗಿಕೊಂಡ. ಬಿದಿರು ತೆಗೆದು ತವರ ಹಾಕಿದ್ದರೆ ಕೆಲಸ ಸುಲಭವಾಗುತ್ತಿತ್ತು, ಹೆಚ್ಚು ಬಾಳಿಕೆಯೂ ಬರುತ್ತಿತ್ತೇನೋ. ಆದರೆ ಆಗ ಮರಳಿ ಬರುವುದು ಜರ್ಮನ್ ಆರ್ಗನ್ ಆಗಿರುತ್ತಿತ್ತು, ಲಾಸ್ ಪಿನ್ಯಾಸ್‌ನದ್ದಲ್ಲ.

ಇತ್ತ ಊರಿನಲ್ಲಿ ಚರ್ಚಿನ ಕೆಲಸವೂ ನಡೆಯಿತು. ಫ್ರಾನ್ಸಿಸ್ಕೊ ಮನ್ಯೋಸಾ ಎಂಬ ಹೆಸರಾಂತ ವಾಸ್ತುಶಿಲ್ಪಿ ಮತ್ತು ಅವರ ಸಂಗಡಿಗರು ಹಿಂದಿನವರು ಬಳಿದಿದ್ದ ಗಾರೆ, ಬಣ್ಣ ಕೆರೆದು ಹಳೆಯ ಕಲ್ಲನ್ನು ಹೊರತಂದರು. ಒಳಮಾಡಿಗೆ ಬಿದಿರನ್ನೇ ಹೊದಿಸಿದರು. 1975ರ ಮಾರ್ಚ್‌ನಲ್ಲಿ ಆರ್ಗನ್ ಮರಳಿ ಬಂದಾಗ ಊರಿಗೆ ಊರೇ ಬೀದಿಗಿಳಿದು ಮೆರವಣಿಗೆಯಲ್ಲಿ ಅದನ್ನು ಬರಮಾಡಿಕೊಂಡಿತು. ಮೇ ತಿಂಗಳಲ್ಲಿ ಮೊದಲ ಕಛೇರಿ. ಮರುವರ್ಷದಿಂದ ಬಿದಿರು ಆರ್ಗನ್‌ನ ಅಂತಾರಾಷ್ಟ್ರೀಯ ಸಂಗೀತೋತ್ಸವ ಶುರುವಾಯಿತು.

ಊರಿನ ಕೈಗೆ ಬಂದ ವಿದ್ಯೆ

ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ವಿದೇಶದವರು ಬಂದು ಸರಿಮಾಡಿಕೊಟ್ಟ ವಸ್ತುಗಳು ಲೋಕದಲ್ಲಿ ಬೇಕಾದಷ್ಟಿವೆ. ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡು, ಹತ್ತು ವರ್ಷ ಕಳೆದ ಮೇಲೆ ಅವು ಮತ್ತೆ ಹಾಳುಬೀಳುತ್ತವೆ. ಮತ್ತೆ ವಿದೇಶಕ್ಕೆ ಪತ್ರ ಬರೆಯಬೇಕು, ಮತ್ತೆ ಹಣಕ್ಕೆ ಕೈಚಾಚಬೇಕು.

ಲಾಸ್ ಪಿನ್ಯಾಸ್‌ನಲ್ಲಿ ಬೇರೆಯೇ ನಡೆಯಿತು. 1960ರ ದಶಕದ ಕೊನೆಯಲ್ಲೇ ಚರ್ಚಿನ ಶಾಲೆಯ ಆಸರೆಯಲ್ಲಿ ಊರಿನ ಹುಡುಗರ ಗಾಯನ ತಂಡವೊಂದು ಹುಟ್ಟಿಕೊಂಡಿತ್ತು. ಸರಿಯಾದ ಆರ್ಗನ್‌ನ ಜತೆ ಹಾಡುತ್ತಾ ಬೆಳೆದ ಆ ಸುತ್ತಿನ ಮಕ್ಕಳಲ್ಲಿ ಕೆಲವರು ನುಡಿಸುವುದನ್ನು ಕಲಿಯಲು ಯುರೋಪಿಗೆ ಹೋದರು. ಇನ್ನು ಕೆಲವರು ಹೋದದ್ದು ಕಟ್ಟುವುದನ್ನು, ದುರಸ್ತಿ ಮಾಡುವುದನ್ನು ಕಲಿಯಲು. ಆಸ್ಟ್ರಿಯಾ, ಜರ್ಮನಿಯ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಕೆಲಸ ಕಲಿತರು. ಹೀಗೆ ಹೋದವರು ಅಲ್ಲೇ ಉಳಿದುಬಿಡುವುದು ಲೋಕದ ರೂಢಿ. ಇವರು ಮರಳಿ ಬಂದರು. 1994ರಲ್ಲಿ ಊರಿನಲ್ಲೇ ಒಂದು ಕಾರ್ಯಾಗಾರ ತೆರೆದರು. ಅದಕ್ಕೆ ಇಟ್ಟ ಹೆಸರು ‘ದಿಯೆಗೊ ಸೆರಾ ಆರ್ಗನ್‌ಬಿಲ್ಡರ್ಸ್’.

2003ರಲ್ಲಿ ಫಿಲಿಪೀನ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಬಿದಿರು ಆರ್ಗನನ್ನು ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಎಂದು ಘೋಷಿಸಿತು. ಸುಮಾರು ಅದೇ ಹೊತ್ತಿಗೆ ವಾದ್ಯಕ್ಕೆ ಮತ್ತೊಂದು ದೊಡ್ಡ ದುರಸ್ತಿ ಬೇಕಾಗಿತ್ತು. ಈ ಸಲ ಅದು ಹಡಗು ಹತ್ತಬೇಕಾಗಲಿಲ್ಲ. ಊರಿನವರೇ ಕಳಚಿದರು, ಊರಿನವರೇ ಜೋಡಿಸಿದರು. ಅಷ್ಟೇ ಅಲ್ಲ, ದೇಶದ ಬೇರೆ ಕಡೆಗಳಲ್ಲಿ, ಬೊಹೋಲ್‌ನಂತಹ ದ್ವೀಪಗಳ ಹಳೆಯ ಚರ್ಚುಗಳಲ್ಲಿ ಮೂಕವಾಗಿದ್ದ ಸ್ಪೇನ್ ಕಾಲದ ಆರ್ಗನ್‌ಗಳಿಗೂ ಇದೇ ಕೈಗಳು ಉಸಿರು ಕೊಟ್ಟಿವೆ.

ಇದೇ ಊರು ಇನ್ನೊಂದು ಕೆಲಸಕ್ಕೂ ಹೆಸರಾಗಿತ್ತು. ಎರಡನೇ ಮಹಾಯುದ್ಧದ ನಂತರ ಅಮೆರಿಕನ್ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದಮಾಡಿ, ಬಣ್ಣ ಬಳಿದು, ಜನ ಸಾಗಿಸುವ ‘ಜೀಪ್ನಿ’ಯಾಗಿ ಮಾಡಿದರಲ್ಲ, ಆ ಜೀಪ್ನಿಗಳ ಹೆಸರಾಂತ ಕಾರ್ಖಾನೆ ಲಾಸ್ ಪಿನ್ಯಾಸ್‌ನಲ್ಲೇ ಇತ್ತು. ಬೇರೆಯವರು ತಂದಿಟ್ಟದ್ದನ್ನು ತನ್ನದಾಗಿಸಿಕೊಳ್ಳುವ ಕಲೆ ಆ ಊರಿಗೆ ಹೊಸದಲ್ಲ.

ಇನ್ನೊಂದು ಆರ್ಗನ್

ಈ ಕಥೆಯನ್ನು ಓದುವಾಗ ನಮಗೆ ನಮ್ಮದೇ ಒಂದು ಆರ್ಗನ್‌ನ ನೆನಪಾಗದೆ ಇರದು. ನಮ್ಮದೇ? ಹೌದು. ಟಿಪ್ಪು ಸುಲ್ತಾನರ ಮರದ ಹುಲಿಯನ್ನು ಎಲ್ಲರೂ ಚಿತ್ರದಲ್ಲಿ ನೋಡಿದ್ದಾರೆ. ಕೆಳಗೆ ಬಿದ್ದ ಯುರೋಪಿಯನ್ನನ ಮೇಲೆ ಎರಗಿರುವ ಹುಲಿ. ಅದರ ಪಕ್ಕೆಯ ಬಾಗಿಲು ತೆರೆದರೆ ಒಳಗೆ ಒಂದು ಪುಟ್ಟ ಪೈಪ್ ಆರ್ಗನ್ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ದಂತದ 18 ಗುಂಡಿಗಳು, ತಿದಿ, ಹಿತ್ತಾಳೆಯ ಕೊಳವೆಗಳು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದು ಲೂಟಿಯ ಮಾಲಾಗಿ ಲಂಡನ್ ಸೇರಿತು. ಕಂಪೆನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಬಂದ ಬಂದವರೆಲ್ಲ ಅದರ ಹಿಡಿ ತಿರುಗಿಸಿ ಗರ್ಜನೆ ಕೇಳಿ ನಕ್ಕರು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿನ ಹೊಡೆತಕ್ಕೆ ಮೇಲಿನ ಮಾಡು ಕುಸಿದು ಹುಲಿ ನುಚ್ಚುನೂರಾಯಿತು. ಚೂರುಗಳನ್ನು ಒಂದೊಂದಾಗಿ ಜೋಡಿಸಿದರು. ಆದರೆ ಅದಕ್ಕೂ ಬಹಳ ಹಿಂದಿನಿಂದ ಆರ್ಗನ್‌ನ ಒಳಗನ್ನು ತಮಗೆ ತೋಚಿದಂತೆ ತಿದ್ದಿ, ಬದಲಿಸಿ ರಿಪೇರಿ ಮಾಡಿಬಿಟ್ಟಿದ್ದರು. ಅದರ ಮೂಲ ಕೆಲಸದ ರೀತಿಯೇ ಅಳಿಸಿಹೋಗಿದೆ ಎಂದು ಯಾಂತ್ರಿಕ ವಾದ್ಯಗಳ ಇತಿಹಾಸ ಬಲ್ಲವರು ಹೇಳುತ್ತಾರೆ. ಅಂದರೆ ಟಿಪ್ಪು ಕೇಳಿದ ದನಿಯನ್ನು ನಾವಿನ್ನು ಕೇಳಲಾರೆವು.

ಎರಡೂ ಆರ್ಗನ್‌ಗಳು ದುರಸ್ತಿಯಾದವು. ಒಂದಕ್ಕೆ ಅದರ ದನಿ ಮರಳಿತು, ಇನ್ನೊಂದು ತನ್ನ ದನಿಯನ್ನು ಕಳೆದುಕೊಂಡಿತು. ಲಂಡನ್ನಿನ ಕುಶಲಕರ್ಮಿಗಳು ಬಾನ್‌ನವರಿಗಿಂತ ಕಡಿಮೆಯವರೆಂದು ಇದರ ಅರ್ಥವಲ್ಲ. ಬಿದಿರು ಆರ್ಗನ್‌ಗೆ ಮರಳಿ ಹೋಗಲು ಒಂದು ಊರಿತ್ತು. ಬೀದಿಯಲ್ಲಿ ಕಾದು ನಿಂತ ಜನರಿದ್ದರು. ಹುಲಿಯ ಆರ್ಗನ್‌ಗೆ ಇದ್ದದ್ದು ಗಾಜಿನ ಪೆಟ್ಟಿಗೆ ಮಾತ್ರ.

ನಮ್ಮ ಊರುಗಳಲ್ಲೂ ಹಳೆಯ ಮಸೀದಿಯ ಮರದ ಕೆತ್ತನೆಯ ಮೇಲೆ ಎಣ್ಣೆಬಣ್ಣ ಬಳಿಯುತ್ತಿದ್ದೇವೆ. ಹಳೆಯ ಗೋಡೆ ಕೆಡವಿ ಗ್ರಾನೈಟ್ ಹಾಕುತ್ತಿದ್ದೇವೆ. ಗುಡಿಗಳಲ್ಲೂ ಇಗರ್ಜಿಗಳಲ್ಲೂ ನಡೆಯುತ್ತಿರುವುದು ಇದೇ. ‘ಜೀರ್ಣೋದ್ಧಾರ’ ಎಂದು ಫಲಕ ಹಾಕಿ ಉಳಿದದ್ದನ್ನೂ ಅಳಿಸಿಬಿಡುವ ಕೆಲಸವದು. ಹಣ ಕೊಟ್ಟವರ ಹೆಸರು ಅಮೃತಶಿಲೆಯಲ್ಲಿ ಬರುತ್ತದೆ. ಆ ಕೆತ್ತನೆಯನ್ನು ಮತ್ತೆ ಮಾಡಬಲ್ಲ ಆಚಾರಿಯ ಮಗ ಮಾತ್ರ ಬೇರೆ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೋಗಿರುತ್ತಾನೆ.

ಲಾಸ್ ಪಿನ್ಯಾಸ್‌ನವರು ಆರ್ಗನ್ ಉಳಿಸಿಕೊಂಡರು. ಅದಕ್ಕಿಂತ ಹೆಚ್ಚಾಗಿ ಅದನ್ನು ಸರಿಮಾಡಬಲ್ಲ ಕೈಗಳನ್ನು ಬೆಳೆಸಿಕೊಂಡರು. ಇನ್ನೊಂದು ಭೂಕಂಪ ಬರಬಹುದು, ಇನ್ನೊಂದು ಚಂಡಮಾರುತ ಮಾಡು ಹಾರಿಸಬಹುದು. ಆಗ ಕೊಳವೆಗಳು ಮತ್ತೆ ಮೂರು ದಶಕ ಒಳಕೋಣೆಯಲ್ಲಿ ಬಿದ್ದಿರಬೇಕಾಗಿಲ್ಲ. ಬಿದಿರು ಎಲ್ಲಿ ಕಡಿಯಬೇಕು, ಎಷ್ಟು ಕಾಲ ಕಾಯಬೇಕು, ಬಾಯಿ ಹೇಗೆ ಕತ್ತರಿಸಬೇಕು ಎಂದು ಬಲ್ಲವರು ಈಗ ಅದೇ ಊರಿನಲ್ಲಿದ್ದಾರೆ.